ಹಿಮ್ಮಡಿಯ ಹೊಲಿಗೆ

ನಾದಿನಿ ಹಾಸಿಗೆಯ ಬೆಡ್‌ಶೀಟನ್ನು ಒಂದು ತುದಿಯಿಂದ ಎಳೆಯುತ್ತಿದ್ದಳು. ಹುಳದಪ್ಪನ ಹೆಂಡತಿ ಇನ್ನೊಂದು ತುದಿಯನ್ನು ಬಿಡಲೊಲ್ಲಳು.

“ಬಿಡಿ ಅತ್ತಿಗೆ, ನೆನೆಹಾಕ್ತೀನಿ.”

“ಬೇಡ ಕಣೇ. ಇದ್ರಲ್ಲಿ ಇನ್ನೂ ಅವ್ರ ವಾಸನೆ ಇದೆ.”

ಬೆಳಿಗ್ಗೆ ಹತ್ತಕ್ಕೆಲ್ಲ ಹುಳದಪ್ಪನನ್ನು ಮಣ್ಣು ಮಾಡಿ ಬಂದಾಗಿತ್ತು. ಜ್ವರವೆಂದು ನಾಲ್ಕೇ ದಿನ ಮಲಗಿದ ಮನುಷ್ಯ ಹೀಗೆ ಹೇಳದೆ ಕೇಳದೆ ಹೊರಟುಬಿಡುವುದೇ? ವಿಶ್ವವಿದ್ಯಾಲಯದ ಕೀಟ ವಿಭಾಗದಲ್ಲಿ ಹುಳ ಸಾಕುವುದು ಅವರ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಹುಳದಪ್ಪ.

ಅಲ್ಲಿ ಸಂಶೋಧನೆ ಮಾಡುವ ಹುಡುಗಿ ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ನಿಂತಿದ್ದಳು.

“ಆಂಟಿ, ಇವತ್ತು ಕೇಳಬಾರದು. ಪತಂಗದ ಜಾಡಿಗೆ ಅಂಕಲ್ ಯಾವ ಬಟ್ಟೆ ಕಟ್ತಿದ್ರು? ಎಲ್ಲಿಂದ ತರ್ತೀರಾ ಅಂದ್ರೆ ನಕ್ಕುಬಿಡೋರು. ಅದು ಮುಗಿದಿದೆ. ಹೊಸ ಬಟ್ಟೆ ಕಟ್ಟಿ ನೋಡ್ದೆ, ಮೂರು ದಿನದಿಂದ ಒಂದು ಮೊಟ್ಟೆನೂ ಇಟ್ಟಿಲ್ಲ. ನಾಳೆಗೆಲ್ಲ ಸತ್ತುಹೋಗ್ತವೆ.”

“ಬೆಳೆ ತಿನ್ನೋ ಹುಳ ತಾನೆ? ಪೀಡೆ ತೊಲಗ್ಲಿ ಬಿಡಮ್ಮ,” ನಾದಿನಿ ಸಿಡುಕಿದಳು.

“ಯಾವ ಔಷಧಿಗೂ ಜಗ್ಗದ ವಂಶ ಅದು. ಅಂಕಲ್ ಹತ್ತೊಂಬತ್ತು ವರ್ಷ ಸಾಕಿದ್ದಾರೆ. ಯಾಕೆ ಜಗ್ಗಲ್ಲ ಅಂತ ಅದರ ಜೀನ್‌ನಲ್ಲಿ ಹುಡುಕ್ತಿದೀವಿ. ಸಿಕ್ಕರೆ ಹೊಲಕ್ಕೆ ಸುಮ್ನೆ ವಿಷ ಸುರಿಯೋದು ತಪ್ಪುತ್ತೆ. ಇದು ಹೋದ್ರೆ ಮತ್ತೆ ಮೊದಲಿಂದ.” ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

*

ಮೊದಮೊದಲು ವರ್ಷಕ್ಕೊಂದು ಬೆಡ್‌ಶೀಟ್ ಮಾಯವಾಗುತ್ತಿತ್ತು. “ತಂತಿ ಮೇಲಿದ್ದದ್ದು ಎಲ್ರೀ?” ಎಂದರೆ ಹುಳದಪ್ಪ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಒಂದು ದಿನ ಚೀಲದ ಸಮೇತ ಸಿಕ್ಕಿಬಿದ್ದರು.

“ನಿನ್ನ ಕೈಯಲ್ಲಿ ಒಗೆದೂ ಒಗೆದೂ ಗಂಜಿ ಹೋಗಿ, ನೂಲೆದ್ದು ಮೆತ್ತಗಾಗಿರತ್ತೆ ಕಣೇ. ಬೇರೆ ಬಟ್ಟೆ ಅವು ಮೂಸೋದೂ ಇಲ್ಲ.”

“ಹುಳಕ್ಕಿರೋ ಮರ್ಯಾದೆ ನನಗಿಲ್ಲ ಈ ಮನೇಲಿ!”

ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ತಾನೇ ಒಂದು ಹಳೆಯದನ್ನು ಮಡಿಸಿ, ಊಟದ ಡಬ್ಬಿಯ ಪಕ್ಕ ಇಟ್ಟಳು. ಆಮೇಲೆ ಪ್ರತಿ ವರ್ಷ ಇಟ್ಟಳು.

*

ಈಗ ಮನೆಯಲ್ಲಿ ಹಳೆಯದೆಂದು ಉಳಿದದ್ದು ಕೈಯಲ್ಲಿದ್ದದ್ದೊಂದೇ. ಮಿಕ್ಕಿದ್ದನ್ನೆಲ್ಲ ಹೋದ ತಿಂಗಳು ನಾದಿನಿ ನೆಲ ಒರೆಸಲು ಹರಿದಿದ್ದಳು. ಹುಳದಪ್ಪನ ಹೆಂಡತಿ ಬೆಡ್‌ಶೀಟಿನಲ್ಲಿ ಮುಖ ಹುದುಗಿಸಿ ಗಟ್ಟಿಯಾಗಿ ಅತ್ತಳು. ಬೆಳಗಿನಿಂದ ಅತ್ತಿರಲಿಲ್ಲ. ಆಮೇಲೆ ಮೂಗೊರೆಸಿಕೊಂಡು ಕೇಳಿದಳು, “ನೀನು ಕೇಳಿದ ಬಟ್ಟೆ ಇದೇ ಕಣಮ್ಮ. ಒಗೀಲೇಬೇಕಾ?”

“ಹೌದು ಆಂಟಿ. ಬಿಸಿನೀರಲ್ಲಿ. ಇಲ್ದಿದ್ರೆ ಹುಳಕ್ಕೆ ಸೋಂಕು ತಗಲತ್ತೆ.”

“ಸರಿ. ಇಷ್ಟು ವರ್ಷ ಕೊಟ್ಟು ಕಳಿಸಿದೀನಿ, ಇವತ್ತು ನಾನೇ ತರ್ತೀನಿ.”

ತಾನೇ ಒಗೆದಳು. ನಾದಿನಿ ಗೊಣಗುತ್ತಲೇ ಇಸ್ತ್ರಿ ಉಜ್ಜಿ ಒಣಗಿಸಿಕೊಟ್ಟಳು.

ಪತಂಗಗಳು ಕತ್ತಲಲ್ಲೇ ಮೊಟ್ಟೆ ಇಡುವುದರಿಂದ ಹುಳದ ಕೋಣೆಯಲ್ಲಿ ಹಗಲೇ ರಾತ್ರಿ. ಮಧ್ಯಾಹ್ನ ಮೂರಕ್ಕೆ ಅಲ್ಲಿ ಉರಿಯುತ್ತಿದ್ದುದು ಒಂದು ಕೆಂಪು ಬಲ್ಬು ಮಾತ್ರ. ಹುಡುಗಿ ಬಟ್ಟೆ ಕತ್ತರಿಸಿ ಜಾಡಿಗಳ ಬಾಯಿಗೆ ಕಟ್ಟಿದಳು. ಪ್ರತಿ ಜಾಡಿಯ ಮೇಲೂ ಹುಳದಪ್ಪನ ಗುಂಡು ಅಕ್ಷರ: ತಲೆಮಾರು ನೂರ ಎಪ್ಪತ್ತೊಂದು. ಇಬ್ಬರೂ ಸ್ಟೂಲಿನ ಮೇಲೆ ಕುಳಿತರು.

“ಇವತ್ತೂ ಇಡದಿದ್ರೆ ಆಂಟಿ?”

“ಇಡದೆ ಏನು? ಹತ್ತೊಂಬತ್ತು ವರ್ಷ ನನ್ನ ಬೆಡ್‌ಶೀಟ್ ಮೇಲೆ ಮೆರೆದಿವೆ. ಈಗೇನು ಕೊಬ್ಬಾ ಅವಕ್ಕೆ?”

ಹಾಗೆಂದರೂ ಅವಳ ಕೈ ಸೆರಗನ್ನು ಹಿಂಡುತ್ತಿತ್ತು. ಒಂದು ಗಂಟೆ ಕಳೆಯಿತು. ಥಟ್ಟನೆ ಹುಡುಗಿ ಅವಳ ಮೊಣಕೈ ಹಿಡಿದಳು.

ಮೂರನೇ ಜಾಡಿಯ ಬಟ್ಟೆ, ಹುಳದಪ್ಪನ ಹಿಮ್ಮಡಿ ಉಜ್ಜಿ ಸವೆದ ಜಾಗದ್ದು. ಅಲ್ಲಿ ಹೆಂಡತಿ ಹಾಕಿದ ಹೊಲಿಗೆಯಿತ್ತು. ಹೊಲಿಗೆಯ ಪಕ್ಕದಲ್ಲಿ ಗಸಗಸೆ ಕಾಳಿನಷ್ಟು ಪುಟ್ಟದೊಂದು ಮೊಟ್ಟೆ. ನೋಡುತ್ತಿದ್ದಂತೆ ಇನ್ನೊಂದು.

ಹುಡುಗಿ ಕಣ್ಣೊರೆಸಿಕೊಂಡು, ಖಾಲಿ ಚೀಟಿಯನ್ನೂ ಪೆನ್ಸಿಲನ್ನೂ ಅವಳ ಕೈಗಿಟ್ಟಳು. ಅವಳು ಚೀಟಿಯನ್ನು ಕೆಂಪು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರವನ್ನು ಗುಂಡಗೆ ಬರೆದಳು: ತಲೆಮಾರು ನೂರ ಎಪ್ಪತ್ತೆರಡು.