ಕರಿಮಡ್ಡಿ ತಿರುವಿನ ಅರ್ಜಿ

ಗುರವ್ವನನ್ನು ಕೆಡವಿದ ಲಾರಿ ಯಾವುದೆಂದು ಕರಿಮಡ್ಡಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಎಂಟು ದಿನ ಮಾತಾಡಿ ಊರವರು ಕೈಬಿಟ್ಟರು. ಚಂದವ್ವನಿಗೆ ಮಾತ್ರ ಹಾಗೆ ಕೈಬಿಡಲು ಆಗಲಿಲ್ಲ. ಅವಳ ಗಂಡ ಸಿದ್ದರಾಯನೂ ಅದೇ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದ.

ಕರಿಮಡ್ಡಿ ಮಸೂತಿಯಿಂದ ನಾಲ್ಕು ಮೈಲಿ ದೂರ, ಮೂವತ್ತು ಮನೆಗಳ ಊರು. ಎರಡು ವರ್ಷದ ಹಿಂದೆ ಮಳೆ ಹೋಗಿ ಬರ ಬಿದ್ದಾಗ ಸರ್ಕಾರ ಕಾಮಗಾರಿ ತೆಗೆದಿತ್ತು. ಆಗ ಊರ ಹೆಂಗಸರೇ ಕೂತು ಕಲ್ಲು ಒಡೆದು ಖಡಿ ಹಾಕಿ ಮಾಡಿದ ರಸ್ತೆ ಅದು. ಚಂದವ್ವನ ಎಡಗೈ ಹೆಬ್ಬೆರಳಿಗೆ ಸುತ್ತಿಗೆ ಬಿದ್ದ ಗುರುತು ಇನ್ನೂ ಇತ್ತು. ಡಾಂಬರು ಬಿದ್ದ ದಿನ ಎಲ್ಲರೂ ಚಪ್ಪಲಿ ಕಳಚಿ ಅದರ ಮೇಲೆ ನಡೆದು ನೋಡಿದ್ದರು. ಎಪ್ಪತ್ನಾಲ್ಕರ ಹೊತ್ತಿಗೆ ಹೊಳೆದಂಡೆಯ ಕಟ್ಟಡಕ್ಕೆ ಕಲ್ಲು ಸಾಗಿಸುವ ಲಾರಿಗಳು ಬಂದವು. ಆಮೇಲೆ ಆ ರಸ್ತೆಯಲ್ಲಿ ನಡೆಯುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ಮನೆಗಳೆಲ್ಲ ರಸ್ತೆಯ ಈಚೆ, ಸೀನೀರಿನ ಬಾವಿ ಆಚೆ. ನಡುವೆ ರಸ್ತೆ ಎತ್ತರದ ಕಲ್ಲಿನ ಮಡ್ಡಿಯೊಂದನ್ನು ಬಳಸಿ ತಿರುಗುತ್ತದೆ. ಕೊಡ ಹೊತ್ತು ದಾಟುವವಳಿಗೆ ಬರುವ ಲಾರಿ ಕಾಣುವುದಿಲ್ಲ, ಲಾರಿಯವನಿಗೆ ದಾಟುವವಳು ಕಾಣುವುದಿಲ್ಲ. ದಸರೆ ಮುಗಿದ ವಾರ, ಬೆಳಗಿನ ಎಂಟರ ಸುಮಾರಿಗೆ, ಅರವತ್ತು ದಾಟಿದ ವಿಧವೆ ಗುರವ್ವ ಅಲ್ಲಿ ದಾಟುತ್ತಿದ್ದಳು. ಸಾಲಿ ಮಾಸ್ತರು ಚನ್ನಬಸಯ್ಯನವರು ಸೈಕಲ್ ಮೇಲೆ ಬರುವಾಗ ಅವಳು ರಸ್ತೆಬದಿಯ ತಗ್ಗಿನಲ್ಲಿ ಬಿದ್ದು ನರಳುತ್ತಿದ್ದಳು. ಚಕ್ಕಡಿಯಲ್ಲಿ ಹುಲ್ಲು ಹಾಸಿ ಬಾಗೇವಾಡಿಯ ದವಾಖಾನೆಗೆ ಒಯ್ದರು. ಟೊಂಕದ ಎಲುಬು ಮುರಿದಿತ್ತು.

ಆ ಹೊತ್ತಿಗೆ ಚಂದವ್ವ ಶೇಂಗಾದ ಹೊಲದಲ್ಲಿದ್ದಳು. ಸುದ್ದಿ ಕೇಳಿದಾಗ ಅವಳ ತಲೆಯಲ್ಲಿ ಮೊದಲು ಸುಳಿದದ್ದು ಗುರವ್ವನ ಮುಖವಲ್ಲ, ಗಂಡನ ಲಾರಿ. ಕಲ್ಲು ಹೇರಿಕೊಂಡ ಅವನ ಮೊದಲ ಖೇಪು ಏಳೂವರೆಗೆ ಕ್ವಾರಿ ಬಿಡುತ್ತದೆ. ಎಂಟಕ್ಕೆ ಕರಿಮಡ್ಡಿ. ಎಷ್ಟು ಸಲ ಲೆಕ್ಕ ಹಾಕಿದರೂ ಎಂಟೇ ಬರುತ್ತಿತ್ತು.

ಅಂದು ಸಂಜೆ ಸಿದ್ದರಾಯ ಬಂದವನು ತಾಟಿನ ಮುಂದೆ ಕೂತ, ರೊಟ್ಟಿ ಮುರಿದ, ಹಾಗೇ ಎದ್ದ. "ತಲಿ ನೋಯಾಕತ್ತೈತಿ" ಎಂದ. ಗುರವ್ವ ಗೋಡೆಯಾಚೆಯ ಮನೆಯವಳು. ಅವನ ತಾಯಿ ಸತ್ತಾಗ ವಾರಗಟ್ಟಲೆ ಅನ್ನ ಹಾಕಿದವಳು. ಅವಳನ್ನು ನೋಡಲು ಊರೆಲ್ಲ ದವಾಖಾನೆಗೆ ಹೋಗಿಬಂತು. ಸಿದ್ದರಾಯ ಹೋಗಲಿಲ್ಲ.

ಮರುದಿನ ನಸುಕಿನಲ್ಲಿ, ಅವನು ಏಳುವ ಮೊದಲು, ಚಂದವ್ವ ಮನೆ ಮುಂದೆ ನಿಂತ ಲಾರಿಯ ಮೂತಿಯನ್ನು ಸೆರಗಿನಿಂದ ಒರೆಸಿ ನೋಡಿದಳು. ಕೆಂಪು ಧೂಳು ಬಿಟ್ಟರೆ ಏನೂ ಇರಲಿಲ್ಲ. ಏನೂ ಸಿಗಲಿಲ್ಲವೆಂದು ಮನಸ್ಸು ನಿಲ್ಲಲಿಲ್ಲ. ಅಂದಿನಿಂದ ಯಾವ ಲಾರಿ ಹಾದರೂ ರೊಟ್ಟಿ ಬಡಿಯುವ ಕೈ ನಡುವೆಯೇ ನಿಲ್ಲುತ್ತಿತ್ತು. ಗಂಡನ ಲಾರಿಯ ಹಿಂದಿನ ಹಲಗೆಬಾಗಿಲಿಗೆ ಸರಪಳಿ ಇತ್ತು. ಅದರ ಸಪ್ಪಳ ದೂರದಿಂದಲೇ ಅವಳಿಗೆ ಗೊತ್ತಾಗುತ್ತಿತ್ತು. ಆ ಸಪ್ಪಳ ತಿರುವು ದಾಟಿ ದೂರವಾಗುವವರೆಗೆ ಉಸಿರು ಬಿಗಿಹಿಡಿಯುವಳು. ದಾಟಿದ ಮೇಲೆ ಮುಂದಿನ ಖೇಪಿನ ಚಿಂತೆ. ರೊಟ್ಟಿ ಹೊತ್ತಿದ್ದೂ ಗೊತ್ತಾಗುತ್ತಿರಲಿಲ್ಲ.

ಮೂರು ವಾರದ ಮೇಲೆ ಚನ್ನಬಸಯ್ಯ ಮಾಸ್ತರು ಸಾಲಿಯ ಪಡಸಾಲೆಯಲ್ಲಿ ಊರವರನ್ನು ಕೂಡಿಸಿ ತಾವು ಬರೆದ ಅರ್ಜಿ ಓದಿದರು. ತಿರುವಿನ ಎರಡೂ ಕಡೆ ಎರಡು ಫರ್ಲಾಂಗಿನವರೆಗೆ ಯಾವ ಗಾಡಿಯೂ ತಾಸಿಗೆ ಇಪ್ಪತ್ತು ಕಿಲೋಮೀಟರಿಗಿಂತ ಜೋರಾಗಿ ಓಡಬಾರದೆಂದು ಹುಕುಂ ಮಾಡಬೇಕು, ಬೋರ್ಡು ನೆಡಿಸಬೇಕು ಎಂದು ಅದರಲ್ಲಿತ್ತು.

"ಹೆಬ್ಬಟ್ಟು ಒತ್ತೂದಕ್ಕ ನಮ್ದೇನು ತಕರಾರಿಲ್ರಿ," ಎಂದು ಹಿಂದಿನಿಂದ ಯಾರೋ ಅಂದರು. "ಲಾರಿ ಮ್ಯಾಲ ಬದುಕೋ ಮನಿ ನಮ್ಮೂರಾಗೂ ಒಂದೈತಿ. ಆ ಮನಿ ಹೆಬ್ಬಟ್ಟು ಮೊದ್ಲು ಬೀಳ್ಲಿ."

ಎಲ್ಲರ ಮುಖ ಚಂದವ್ವನ ಕಡೆ ತಿರುಗಿತು. ಅವಳು ಎದ್ದು ನಿಂತಳು. ಲಾರಿ ನಿಧಾನವಾದರೆ ಖೇಪು ಕಡಿಮೆಯಾಗುತ್ತವೆ, ಖೇಪು ಕಡಿಮೆಯಾದರೆ ಪಗಾರವೂ ಕಡಿಮೆ. ಅದು ಅಲ್ಲಿದ್ದವರಿಗೆಲ್ಲ ಗೊತ್ತು.

"ಮನ್ಯಾಗ ಕೇಳಿ ಬರ್ತೇನ್ರಿ ಮಾಸ್ತರ್ರ," ಎಂದಳು.

"ಕೇಳ್ಕೊಂಡು ಬಾರವ್ವಾ. ಅವಸರ ಇಲ್ಲ," ಎಂದರು ಮಾಸ್ತರು.

ಅವಳು ಮನೆಯ ದಾರಿ ಹಿಡಿದಳು. ಗುರವ್ವನ ಬೀಗ ಹಾಕಿದ ಬಾಗಿಲ ಮುಂದೆ ಬಂದಾಗ ಕಾಲು ನಿಂತವು. ಏನೆಂದು ಕೇಳುವುದು? ಅವನು ಏನು ಹೇಳುತ್ತಾನೆಂದು ಗೊತ್ತೇ ಇದೆ. ಅವನು ಬೇಡವೆಂದರೆ ತಾನು ಸುಮ್ಮನಾಗುತ್ತೇನೆ ಎಂಬುದೂ ಗೊತ್ತಿದೆ. ಅಲ್ಲಿಂದಲೇ ತಿರುಗಿ ಬಂದು, ಶಾಯಿಯ ಮೆತ್ತೆಗೆ ಹೆಬ್ಬೆರಳು ಒತ್ತಿ ಮೊದಲ ಗುರುತು ಹಾಕಿದಳು. ಅವಳ ಹಿಂದೆ ಊರೇ ಸಾಲುಗಟ್ಟಿತು.

ಅಮಾವಾಸ್ಯೆಯ ದಿನ ಲಾರಿಗಳಿಗೆ ರಜೆ. ಮಧ್ಯಾಹ್ನ ಸಿದ್ದರಾಯ ಹೊರಗಿನಿಂದ ಬಂದವನು ಟೋಪಿ ತೆಗೆದು ಗೂಟಕ್ಕೆ ಬೀಸಿದ. ಅದು ಕೆಳಗೆ ಬಿತ್ತು. ಅವನು ಎತ್ತಲಿಲ್ಲ.

"ಕ್ವಾರಿ ಮುಕಾದಮ ನಾಕು ಮಂದ್ಯಾಗ ನನ್ನ ಮಾರಿ ಇಳಿಸಿದ. ನನ್ನ ಕೇಳದಽ ಹೆಬ್ಬಟ್ಟು ಒತ್ತೀಯಂತಲ್ಲ?"

"ಕೇಳಿದ್ರ ಏನಂತಿದ್ರಿ?"

"ಬ್ಯಾಡ ಅಂತಿದ್ದೆ!"

"ಅದಕ್ಕಽ ಕೇಳಲಿಲ್ಲ."

ಅವನು ಕೈ ಎತ್ತಬಹುದು ಎನಿಸಿತು. ಎತ್ತಲಿಲ್ಲ, ಕಂಬಕ್ಕೆ ಒರಗಿ ಕುಂತ. ಒಂದು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಚಂದವ್ವ ಹೊರಗೆ ಹಾಕಿದಳು.

"ಖರೇ ಹೇಳ್ರಿ. ಗುರವ್ವಾಯಿನ್ನ ಕೆಡವಿದಾವ್ರು ನೀವೇನು?"

"ನಾ ಅಲ್ಲ."

ಅವಳು ಅಲ್ಲೇ ಹೊಸ್ತಿಲ ಮೇಲೆ ಕುಂತಳು. ಕಣ್ಣು ತುಂಬಿ ಬಂದವು. ಆದರೆ ಅವನ ಮಾತು ಮುಗಿದಿರಲಿಲ್ಲ.

"ನಾ ಅಲ್ಲ. ನನ್ನ ಮುಂದ ಬ್ಯಾರೆ ಗಾಡಿ ಇತ್ತು. ನಾ ತಿರುವಿಗೆ ಬಂದಾಗ ಆಕಿ ತಗ್ಗಿನ್ಯಾಗ ಬಿದ್ದಿದ್ಲು. ಕೈ ಅಲ್ಲಾಡಾಕತ್ತಿತ್ತು."

"ನಿಲ್ಲಲಿಲ್ಲ?"

"ನಿಂತ್ರ ನಾನಽ ಕೆಡವೀನಿ ಅಂತ ಮಂದಿ ಕಲ್ಲು ಒಗೀತಿದ್ರು. ಖೇಪು ತಪ್ಪತಿತ್ತು. ಹಿಂದ ಯಾರರ ಬರ್ತಾರ, ನೋಡ್ತಾರ ಅಂತ..." ಅವನು ಮುಂಗೈಯಿಂದ ಮುಖ ಒರೆಸಿಕೊಂಡ. "ನಿಲ್ಲಲಿಲ್ಲ. ಅಷ್ಟಽ."

ಹೊರಗೆ ಯಾರದೋ ಎಮ್ಮೆ ಗೋಡೆಗೆ ಮೈ ತಿಕ್ಕುತ್ತಿತ್ತು. ಅವನು ಕೆಡವಿಲ್ಲವೆಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕೆಡವಿದವನು ತನಗೆ ಅವಳು ಕಾಣಲಿಲ್ಲ ಎಂದಾದರೂ ಅನ್ನಬಹುದು. ಇವನು ಕಂಡು ಹೋದವನು.

"ಆಕಿ ಮುಂದ ಹೇಳ್ರಿ," ಎಂದಳು ಕೊನೆಗೆ. "ಊರ ಮುಂದ ಬ್ಯಾಡ. ಆಕಿ ಮುಂದ."

ಗುರವ್ವ ಊರಿಗೆ ಬಂದದ್ದು ಇನ್ನೊಂದು ತಿಂಗಳ ಮೇಲೆ. ಹೊರಸಿನ ಮೇಲೆ ಮಲಗಿದ ಜಾಗದಿಂದ ಏಳುವಂತಿರಲಿಲ್ಲ. ಅವಳ ಹಾಸಿಗೆ ಬಟ್ಟೆ ಒಗೆಯುವುದು, ಗಂಜಿ ಕುಡಿಸುವುದು ಎಲ್ಲ ಚಂದವ್ವನೇ. ಸಿದ್ದರಾಯ ನಾಲ್ಕು ದಿನ ಆ ಬಾಗಿಲವರೆಗೆ ಹೋಗಿ ಹೋಗಿ ಮರಳಿದ. ಐದನೆಯ ದಿನ ಹೆಂಡತಿ ಗಂಜಿ ಒಯ್ಯುವಾಗ ಅವಳ ಹಿಂದೆಯೇ ಒಳಗೆ ಬಂದು ನೆಲದ ಮೇಲೆ ಕುಂತ.

"ಆಯೀ, ಆವತ್ತು ನಾ..." ಎಂದು ಶುರು ಮಾಡಿದ.

"ಗೊತ್ತೈತಿ," ಎಂದಳು ಗುರವ್ವ. "ನಾ ಬಿದ್ದಿದ್ದೆ, ಕಿವಿ ಬಿದ್ದಿರಲಿಲ್ಲ. ನಿನ್ನ ಗಾಡಿ ಸರಪಳಿ ಸಪ್ಪಳ ಈ ಓಣ್ಯಾಗ ಯಾರಿಗಿ ಗೊತ್ತಿಲ್ಲ? ಸಪ್ಪಳ ಸಣ್ಣಾತು. ಸಿದ್ದರಾಯ ಬಂದ, ಇಳೀತಾನ ಅಂದ್ಕೊಂಡೆ. ಮತ್ತ ಜೋರಾತು."

ಚಂದವ್ವ ಗಂಜಿಯನ್ನು ಕೆಳಗಿಟ್ಟಳು. ಸಿದ್ದರಾಯ ತಲೆ ತಗ್ಗಿಸಿದವನು ಎತ್ತಲಿಲ್ಲ.

"ಮತ್ಯಾಕ ಯಾರ ಮುಂದೂ ಹೇಳಲಿಲ್ಲ ಆಯೀ?" ಎಂದು ಚಂದವ್ವ ಕೇಳಿದಳು.

"ಹೇಳಿದ್ರ ನನ್ನ ಟೊಂಕ ಕೂಡತಿತ್ತೇನು? ಊರವ್ರು ಗಾಡಿಗೆ ಬೆಂಕಿ ಹಚ್ಚತಿದ್ರು, ನಿಮ್ಮ ಒಲಿ ಆರತಿತ್ತು." ಮುದುಕಿ ಅವನ ಕಡೆ ನೋಡಿದಳು. "ಅಳಬ್ಯಾಡೋ. ನೀ ಅತ್ರ ನನಗೇನು ಬಂತು? ನಂಗ ಆ ಬೋರ್ಡ್ ಬೇಕು. ನಾಳೆ ಇನ್ನೊಬ್ಬಾಕಿ ಬೀಳಬಾರದು. ಅದೇನರ ನಿನ್ನ ಕಡಿಂದ ಆಕ್ಕೈತೇನು ನೋಡು."

ಅರ್ಜಿಯ ಮೇಲೆ ಸಾಹೇಬರು ಬಂದದ್ದು ಸಂಕ್ರಮಣ ಕಳೆದು. ಜೀಪಿನಿಂದ ಇಳಿದ ಇಂಜಿನಿಯರರು ಕರಿ ಕನ್ನಡಕದವರು, ಮೆತ್ತಗೆ ಮಾತಾಡುವವರು. ತಿರುವಿನಲ್ಲಿ ಆಚೆ ಈಚೆ ಅಡ್ಡಾಡಿದರು.

"ಮಾಸ್ತರ್ರ, ರಸ್ತೆ ಅಂದ ಮೇಲೆ ಗಾಡಿ ಓಡೋದೇ," ಎಂದರು. "ಮಂದಿ ಎರಡೂ ಕಡೆ ನೋಡಿ ದಾಟಬೇಕು. ಯಾರಾದ್ರೂ ಅಡ್ಡ ಬಂದ್ರೆ ಡ್ರೈವರು ಬ್ರೇಕ್ ಹಾಕ್ತಾರೆ. ಇಷ್ಟಕ್ಕೆಲ್ಲ ಬೋರ್ಡು ಹಾಕ್ತಾ ಹೋದ್ರೆ ಕೆಲಸ ಮುಗಿಯೋದು ಯಾವಾಗ?"

ಚನ್ನಬಸಯ್ಯನವರು ಅರ್ಜಿಯ ನಕಲು ಹಿಡಿದುಕೊಂಡು ಏನೋ ಹೇಳಲು ಹೊರಟಾಗ ಸರಪಳಿಯ ಸಪ್ಪಳ ಕೇಳಿತು. ಸಿದ್ದರಾಯನ ಲಾರಿ ಕಲ್ಲು ಹೇರಿಕೊಂಡು ಬಂದು ಬದಿಗೆ ನಿಂತಿತು. ಅವನು ಕೆಳಗೆ ಜಿಗಿದು ಕೈ ಮುಗಿದ.

"ಸಾಹೇಬ್ರ, ಬ್ರೇಕ್ ಹಾಕ್ತೇವ್ರಿ. ಗಾಡಿ ನಿಲ್ಲೂದಿಲ್ರಿ. ತೋರಸ್ಲೇನ್ರಿ?"

ಇಂಜಿನಿಯರರು ಗಡಿಯಾರ ನೋಡಿಕೊಂಡರು. "ತೋರ್ಸಪ್ಪಾ," ಎಂದರು.

ಸಿದ್ದರಾಯ, ನೀರು ಹೊತ್ತು ಬಂದು ಬದಿಯಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. ಅವಳು ಏನೂ ಕೇಳದೆ, ತುಂಬಿದ ಮಣ್ಣಿನ ಕೊಡವನ್ನು ತಲೆಯಿಂದ ಇಳಿಸಿ, ಬಾವಿಯ ದಾರಿ ರಸ್ತೆಗೆ ಸೇರುವ ಕಡೆ ನಡುಮಧ್ಯ ಇಟ್ಟಳು. ಮಾಸ್ತರು ಆಚೆ ತುದಿಗೆ ಓಡಿಹೋಗಿ ಎದುರು ಬರುವ ಗಾಡಿಗಳನ್ನು ತಡೆದರು. ಲಾರಿ ತಿರುಗಿಸಿಕೊಂಡು ಸಿದ್ದರಾಯ ಮಡ್ಡಿಯ ಹಿಂದೆ ಮರೆಯಾದ.

ಚಂದವ್ವ ಬದಿಯ ಕಲ್ಲಿನ ಮೇಲೆ ನಿಂತಳು. ದಿನಾ ಕೇಳುವ ಸಪ್ಪಳವೇ, ಆದರೆ ಈ ಸಲ ಅಂಗಾಲಿನಿಂದ ಮೇಲೇರಿ ಬಂತು. ಲಾರಿ ದಿನಾ ಬರುವ ಜೋರಿನಲ್ಲೇ ಮಡ್ಡಿ ಸುತ್ತಿ ಬಂತು. ಕೊಡ ಕಂಡ ಕೂಡಲೇ ಅವನು ಬ್ರೇಕ್ ಒತ್ತಿದ್ದು ಎಲ್ಲರಿಗೂ ಕಂಡಿತು. ಗಾಲಿಗಳು ಕಿರುಚಿದವು, ಮೇಲಿನ ಕಲ್ಲು ದಡದಡ ಉರುಳಿದವು, ರಬ್ಬರು ಸುಟ್ಟ ವಾಸನೆ ಎದ್ದಿತು. ಕೊಡ ಒಡೆದ ಸದ್ದು ಯಾರಿಗೂ ಕೇಳಿಸಲಿಲ್ಲ. ಲಾರಿ ನಿಂತಾಗ ಇಂಜಿನಿಯರರು ಒದ್ದೆ ಜಾಗದಿಂದ ಲಾರಿಯವರೆಗೆ ಹೆಜ್ಜೆ ಹಾಕಿ ಅಳೆದರು. ಇಪ್ಪತ್ತೆರಡು ಹೆಜ್ಜೆ.

"ಇನ್ನೊಂದು ಕೊಡ ಇಡು," ಎಂದು ಸಿದ್ದರಾಯ ಒಳಗಿನಿಂದಲೇ ಕೂಗಿದ.

ಚಂದವ್ವ ಇನ್ನೊಬ್ಬಳ ಕೊಡ ಇಸಿದುಕೊಂಡು ಅಲ್ಲೇ ಇಟ್ಟಳು. ಈ ಸಲ ಲಾರಿ ಇಪ್ಪತ್ತರ ವೇಗದಲ್ಲಿ ಬಂತು. ಕೊಡದಿಂದ ಎರಡು ಮೊಳ ದೂರದಲ್ಲಿ ಮೂತಿ ನಿಂತಿತು. ಕೊಡದ ನೀರು ಅಲ್ಲಾಡಿತು, ಚೆಲ್ಲಲಿಲ್ಲ.

ಇಂಜಿನಿಯರರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು, ಫೈಲು ತೆರೆದು ಜೀಪಿನ ಮೂತಿಯ ಮೇಲಿಟ್ಟು ಬರೆಯತೊಡಗಿದರು.

"ಡ್ರೈವರ ಹೆಸರು ಬರೀಬೇಕಾಗ್ತದೆ. ಆಗಬಹುದೇನಪ್ಪ?"

"ಬರೀರಿ," ಎಂದ ಸಿದ್ದರಾಯ. "ಸಿದ್ದರಾಯ ಅಂತ ಬರೀರಿ."

ಸಂಜೆಯೊಳಗೆ ಮುಕಾದಮ ಬಂದು ಲಾರಿಯ ಚಾವಿ ಇಸಿದುಕೊಂಡು ಹೋದ.

ಬೋರ್ಡು ಬಂದದ್ದು ನಾಲ್ಕು ತಿಂಗಳ ಮೇಲೆ. ಬಿಳಿ ತಗಡಿನ ಮೇಲೆ ಕೆಂಪು ಸುತ್ತು, ನಡುವೆ ಇಪ್ಪತ್ತು. ಮೊದಲ ವಾರವೇ ಯಾರೋ ಅದಕ್ಕೆ ಗುದ್ದಿ ಬಗ್ಗಿಸಿದರು. ಊರವರು ಎತ್ತಿ ನಿಲ್ಲಿಸಿ ಬುಡಕ್ಕೆ ಕಲ್ಲು ಬಿಗಿದರು. ಹತ್ತು ಲಾರಿಗಳಲ್ಲಿ ಏಳು ನಿಧಾನವಾದವು, ಮೂರು ಆಗಲಿಲ್ಲ. ಆ ಮೂರರ ನಂಬರನ್ನು ಮಾಸ್ತರು ಬರೆದಿಟ್ಟುಕೊಂಡು ಮತ್ತೊಂದು ಅರ್ಜಿ ಕಳಿಸಿದರು. ಗುರವ್ವ ಬಡಿಗೆ ಊರಿ ಅಂಗಳದವರೆಗೆ ಬರುವಂತಾದಳು. ಅದಕ್ಕಿಂತ ಆಚೆ ಹೋಗುವ ಆಸೆ ತನಗೆ ಉಳಿದಿಲ್ಲ ಎಂದಳು.

ಸಿದ್ದರಾಯನಿಗೆ ಆ ಭಾಗದಲ್ಲಿ ಯಾರೂ ಗಾಡಿ ಕೊಡಲಿಲ್ಲ. ಎರಡು ತಿಂಗಳು ಮನೆಯಲ್ಲಿ ಕುಂತು ಮಾತುಮಾತಿಗೆ ಸಿಡಿಯುತ್ತಿದ್ದ. ಕೊನೆಗೆ ಇಂಡಿ ಪೇಟೆಯ ನಿಂಬೆಹಣ್ಣಿನ ವ್ಯಾಪಾರಿ ಕಾಸಿಂಸಾಬ ಕರೆದು ಕೆಲಸಕ್ಕೆ ಇಟ್ಟುಕೊಂಡ. ಇಂಡಿಯಿಂದ ಸೊಲ್ಲಾಪುರಕ್ಕೆ ಹಣ್ಣು ಮುಟ್ಟಿಸುವ ಕೆಲಸ. ಹದಿನೈದು ದಿನಕ್ಕೊಮ್ಮೆ ಮನೆಗೆ.

ಮೊದಲ ಸಲ ಬಂದಾಗ ಚಂದವ್ವ ಬಿಸಿ ರೊಟ್ಟಿ ಹಾಕಿ ಎದುರು ಕುಂತಳು.

"ಸಾಹುಕಾರ ಹ್ಯಾಂಗದಾನ್ರಿ?"

"ಚಲೋ ಅದಾನ. ಆದ್ರ ಲಗೂ ಮುಟ್ಟಸಂತಾನ. ಪ್ಯಾಟಿ ಹೊತ್ತು ತಪ್ಪಿದ್ರ ಹಣ್ಣು ಬಾಡ್ತಾವ."

ಅವಳ ಎದೆಯಲ್ಲಿ ಹಳೆಯ ಕಳವಳ ಮತ್ತೆ ಎದ್ದಿತು. "ದಾರ್‍ಯಾಗ ಊರು ಬರ್ತಾವೇನು?"

"ಬರ್ತಾವ."

"ಅಲ್ಲಿ ಬೋರ್ಡ್ ಅದಾವೇನು?"

"ಎಲ್ಲೀ ಬೋರ್ಡ್!"

"ಮತ್ತ?"

ಸಿದ್ದರಾಯ ರೊಟ್ಟಿ ಮುರಿಯುತ್ತಿದ್ದವನು ತಡೆದ. "ಊರು ಬಂದ್ರ ಕಾಲು ತಾನಽ ಸಡಲತೈತಿ. ಕಾಸಿಂಸಾಬ ಬೈತಾನ. ಬೈಲಿ."

ನಂಬಬೇಕೆಂದು ಅವಳಿಗೆ ಬಹಳ ಆಸೆ. ಅರ್ಧ ನಂಬಿದಳು.

"ಯಾವ್ಯಾವ ಊರು?" ಎಂದಳು. "ಇಂಡಿ ಬಿಟ್ಟ ಮ್ಯಾಲ ಒಂದೊಂದಽ ಹೇಳ್ರಿ."

ಝಳಕಿ ಎಂದ ಅವನು. ಅಲ್ಲಿ ರಸ್ತೆ ಯಾವ ಕಡೆ, ಮನೆ ಯಾವ ಕಡೆ, ನೀರಿಗೆ ಮಂದಿ ಎಲ್ಲಿ ದಾಟುತ್ತಾರೆ ಎಂದು ಅವಳು ಕೇಳಿದಳು. ಅವನು ಬೆರಳಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದ. ಆಮೇಲೆ ಧೂಳಖೇಡ. ಅವಳು ಮತ್ತೆ ಕೇಳಿದಳು, ಅವನು ಮತ್ತೆ ತೋರಿಸಿದ. ನೆಲದ ಗೆರೆ ಸೊಲ್ಲಾಪುರ ಮುಟ್ಟುವ ಹೊತ್ತಿಗೆ ತಾಟಿನ ರೊಟ್ಟಿ ಆರಿಹೋಗಿತ್ತು.