ಅಲುಗಿದ ಮುಖ

ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿದ್ದರು. ಎಲ್ಲರೂ ಒಟ್ಟಿಗೆ ಸಿಗುವುದು ಮತ್ತೆ ಯಾವಾಗಲೋ ಎಂದು ಮುದ್ದಯ್ಯ ಮೈಸೂರಿಗೆ ಗಾಡಿ ಕಳಿಸಿ ಫೋಟೊದವನನ್ನು ಬಾಬುರಾಯನಕೊಪ್ಪಲಿಗೆ ಕರೆಸಿಯೇಬಿಟ್ಟ. ಅವನ ತಾಯಿ ತಿಮ್ಮಮ್ಮನಿಗೆ ಇದು ಸುತರಾಂ ಬೇಡವಾಗಿತ್ತು. ಅವಳ ಅಣ್ಣ ಫೋಟೊ ತೆಗೆಸಿಕೊಂಡ ವರ್ಷವೇ ತೀರಿಕೊಂಡಿದ್ದ. ಮುಖ ಪೂರ್ತಿ ಕ್ಯಾಮೆರಾದೊಳಗಿನ ಗಾಜಿನ ಮೇಲೆ ಬಿದ್ದರೆ ಆಯಸ್ಸೂ ಅದರ ಹಿಂದೆಯೇ ಹೋಗುತ್ತದೆ ಎಂಬುದು ಅವಳಿಗೆ ಖಾತ್ರಿ. ತನ್ನದು ಹೋದರೆ ಹೋಗಲಿ, ಉಂಡು ಉಟ್ಟ ಜೀವ. ಆದರೆ ಮೊಮ್ಮಗ ಮರಿಸ್ವಾಮಿ? ಸೊಸೆ ಪುಟ್ಟಗೌರಮ್ಮನಿಗೆ ಎರಡು ಕೂಸು ಹೋಗಿ ಉಳಿದವನು ಅವನೊಬ್ಬನೇ. ಮಗನಿಗೆ ಹೇಳಿದರೆ ನಕ್ಕುಬಿಟ್ಟ.

ನಾಲ್ಕು ವರ್ಷದ ಮರಿಸ್ವಾಮಿಯಾದರೋ ಒಂದು ಕಡೆ ನಿಂತವನಲ್ಲ. ಅಪ್ಪನ ರುಮಾಲು ಸುತ್ತಿಕೊಂಡು ಗೌಡನಂತೆ ನಡೆದ, ಫೋಟೊದವನ ಕರಿಬಟ್ಟೆಯೊಳಗೆ ನುಗ್ಗಿದ, ಸೋದರತ್ತೆಯ ಜಡೆಯನ್ನು ಕುರ್ಚಿಗೆ ಕಟ್ಟಿದ. ಜಗುಲಿಯೆಲ್ಲ ನಗು. ಕೊನೆಗೆ ಅವನನ್ನು ಅಜ್ಜಿಯ ಮಡಿಲಲ್ಲಿ ಕೂರಿಸಿದರು. ಉಳಿದಿರುವುದು ಒಂದೇ ಗಾಜು, ಅಲುಗಿದವರ ಮುಖ ಬೀಳುವುದಿಲ್ಲ, ಉಸಿರು ಬಿಗಿಹಿಡಿದು ಕೂರಿ ಎಂದ ಫೋಟೊದವನು. ಎಂದೂ ಕೂರದ ಮಗು ಅಂದು ಅಲುಗದೆ ಕೂತಿತು. ಅವನು ಕ್ಯಾಮೆರಾದ ಮುಚ್ಚಳ ತೆಗೆದ ಗಳಿಗೆಯಲ್ಲೇ ತಿಮ್ಮಮ್ಮ ಸೆರಗಿನ ಮರೆಯಲ್ಲಿ ಮಗುವಿನ ತೊಡೆ ಚಿವುಟಿದಳು.

ಹದಿನೈದು ದಿನಕ್ಕೆ ಫೋಟೊ ಬಂತು. ಹನ್ನೊಂದು ಮುಖ ಅಚ್ಚುಕಟ್ಟಾಗಿ ಬಿದ್ದಿದ್ದವು, ಮರಿಸ್ವಾಮಿಯ ಮುಖವಿರಬೇಕಾದಲ್ಲಿ ಮಾತ್ರ ಒಂದು ಮಸುಕು ಕಲೆ. ಯಾಕೆ ಅಲುಗಿದೆ ಎಂದು ಪುಟ್ಟಗೌರಮ್ಮ ಮಗನ ಮೇಲೆ ರೇಗಿದಳು. ಅಜ್ಜಿ ಚಿವುಟಿದಳು ಎಂದಿತು ಮಗು. ಅಜ್ಜಿಯ ಮೇಲೆ ಸುಳ್ಳು ಬೇರೆ ಹೇಳುತ್ತೀಯಾ ಎಂದು ಅವಳು ಕೆನ್ನೆಗೆ ಬಾರಿಸಿದಳು. ಒಲೆಯ ಮುಂದೆ ಕೂತಿದ್ದ ತಿಮ್ಮಮ್ಮ ಎಲ್ಲ ಕೇಳಿಸಿಕೊಂಡು ಒಲೆಗೆ ಇನ್ನೊಂದು ಸೌದೆ ತುರುಕಿದಳು. ಏಟು ತಿಂದರೆ ತಿನ್ನಲಿ, ಬದುಕಿಕೊಂಡನಲ್ಲ ಎಂಬ ಹಾಳು ಸಮಾಧಾನ ಅವಳಿಗೆ.

ಕಾರ್ತಿಕದಲ್ಲಿ ಊರೊಳಗೆ ಇಲಿ ಸತ್ತು ಬಿದ್ದವು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರೂ ಪ್ಲೇಗು ಬಿಡಲಿಲ್ಲ. ಮರಿಸ್ವಾಮಿಯ ತೊಡೆಸಂದಿಯಲ್ಲಿ ಗಡ್ಡೆ ಎದ್ದ ಮೂರನೆಯ ದಿನಕ್ಕೆ ಎಲ್ಲ ಮುಗಿಯಿತು. ಫೋಟೊದಲ್ಲಿ ಚೆನ್ನಾಗಿ ಬಿದ್ದ ಹನ್ನೊಂದು ಜನರಿಗೂ ಏನೂ ಆಗಲಿಲ್ಲ.

ಊರಿಗೆ ಮರಳಿದ ದಿನ ಪುಟ್ಟಗೌರಮ್ಮ ಗೋಡೆಯಿಂದ ಫೋಟೊ ಇಳಿಸಿಕೊಂಡು ಕೂತಳು. ಮಗನ ಕಣ್ಣು ಹೇಗಿತ್ತೆಂಬುದೇ ಮರೆಯುತ್ತಿದೆ ಎಂದು ಅತ್ತಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

"ಸುಳ್ಳು ಯೋಳ್ತಾನೆ ಅಂತ ವೊಡ್ದುಬುಟ್ಟೆ ಅತ್ತೆ. ಅವ್ನು ಯೋಳಿದ್ದು ಸುಳ್ಳಾ?"

ಇಷ್ಟು ದಿನ ನುಂಗಿಕೊಂಡಿದ್ದನ್ನು ತಿಮ್ಮಮ್ಮನಿಗೆ ಇನ್ನು ನುಂಗಲಾಗಲಿಲ್ಲ.

"ಸುಳ್ಳಲ್ಲ ಕಣವ್ವ. ನಾನೇ ಚೂಟ್ದೆ. ಉಳ್ಕಳ್ಳಿ ಅಂತ ಚೂಟ್ದೆ."

ಪುಟ್ಟಗೌರಮ್ಮ ಎದ್ದು ಬಂದು, ಅಂದು ಮಗು ಕೂತಿದ್ದ ಮಡಿಲಲ್ಲೇ ಫೋಟೊವನ್ನು ಇಟ್ಟಳು.

"ನನ್ ಮಗನ್ ಮೊಕ ಎಲ್ಲೈತೆ, ತೋರ್ಸಿ."

ತಿಮ್ಮಮ್ಮ ಆ ಮಸುಕು ಕಲೆಯ ಮೇಲೆ ಬೆರಳಿಟ್ಟಳು. ಬೆರಳು ಮೇಲಕ್ಕೆ ಜಾರಿತು. ಅಲ್ಲಿ ಅವಳದೇ ಮುಖ, ಒಂದೊಂದು ಸುಕ್ಕೂ ಕಾಣುವಷ್ಟು ಚೆನ್ನಾಗಿ ಬಿದ್ದಿತ್ತು.