ನೆಹೆಮಿಯಾ ಮುಚ್ಚಿದ ಕಿಂಡಿ

ನೆಹೆಮಿಯಾನಿಗೆ ಸಂದು ಕಂಡರೆ ಆಗುತ್ತಿರಲಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ಉಗಿಬಂಡಿಗಳ ಬಾಯ್ಲರುಗಳಿಗೆ ಹೊದಿಕೆ ಹೊದಿಸಿದ ಕೈ ಅದು. ಬಾಯ್ಲರಿನ ಶಾಖ ಹೊರಗೆ ಹೋಯಿತೆಂದರೆ ಅಷ್ಟು ಕಲ್ಲಿದ್ದಲು ಮಣ್ಣುಪಾಲಾದಂತೆ. ಹಾಗಾಗಿ ಎಲ್ಲಿ ಸಂದು ಕಂಡರೂ ಆಸ್ಬೆಸ್ಟಾಸ್ ಹಗ್ಗ ತುರುಕಿ, ಮಣ್ಣು ಮೆತ್ತಿ, ಬೆರಳಿನಿಂದ ನುಣ್ಣಗೆ ಸವರಿದರೇ ಅವನಿಗೆ ಸಮಾಧಾನ. ಮನೆಯ ಕಿಟಕಿಗಳನ್ನೂ ಬಿಟ್ಟವನಲ್ಲ. ಬೇಸಗೆಯಲ್ಲಿ ಹೆಂಡತಿ ಹನ್ನಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ನಾನೇನು ಬಾಯ್ಲರೇನ್ರಿ?" ಎಂದು ಕೇಳಿದರೂ ಜಗ್ಗಿದವನಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇವನದು ಹುಟ್ಟಿನ ಗುಣವಲ್ಲ, ಹೊಟ್ಟೆಪಾಡಿನ ಗುಣ. ಅದು ಇನ್ನೂ ಗಟ್ಟಿ.

ಇಂಥವನು ವಿಮಾನ ಕಟ್ಟಲು ಹೋದ.

ಹೋದನೆಂದರೆ, ಎಳೆದವರು ಧಾರವಾಡದ ತ್ರ್ಯಂಬಕ ಮಾಸ್ತರರು. ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರಿಗೆ 1936ರಲ್ಲಿ ಒಂದು ವಿಲಾಯತಿ ಮಾಸಪತ್ರಿಕೆ ಸಿಕ್ಕಿ, ಮನೆಯಲ್ಲೇ ಸಣ್ಣ ವಿಮಾನ ಕಟ್ಟಬಹುದೆಂಬ ಹುಚ್ಚು ತಲೆಗೇರಿತು. ಅವರ ತಮ್ಮ ದತ್ತು ಮುಂಬಯಿಯಲ್ಲಿ ವಿಮಾನ ಹಾರಿಸಲು ಕಲಿತು ಬಂದು, ಹಾರಿಸಲು ವಿಮಾನವಿಲ್ಲದೆ ನೊಣ ಹೊಡೆಯುತ್ತಿದ್ದ. ನೆಹೆಮಿಯಾನಿಗೆ ಬೈರಿದೇವರಕೊಪ್ಪದಲ್ಲಿ ಮನೆ, ಮನೆಯ ಹಿಂದೆ ದೊಡ್ಡ ಛಪ್ಪರ, ಕೈಯಲ್ಲಿ ಕಸುಬು; ಮಾಸ್ತರರಿಗೆ ಎರಡೂ ಬೇಕಾಗಿದ್ದವು. ಒಂದು ವರ್ಷದಲ್ಲಿ ಕಟ್ಟಿಗೆ, ಬಟ್ಟೆ, ಅಂಟು, ಹಳೆಯ ಮೋಟಾರ್ ಸೈಕಲ್ಲಿನ ಇಂಜಿನ್ನು ಎಲ್ಲ ಕೂಡಿ, ಒಬ್ಬನೇ ಕೂಡುವ ವಿಮಾನವಾಯಿತು. ನೆಹೆಮಿಯಾನಿಗೆ ಮಕ್ಕಳಿರಲಿಲ್ಲ. ಛಪ್ಪರದಲ್ಲಿ ದಿನವೆಲ್ಲ "ಕಾಕಾ, ಕಾಕಾ" ಎನ್ನುತ್ತಿದ್ದ ದತ್ತು ಯಾವಾಗ ಮನೆಯ ಮಗನಾದನೋ ಅವನಿಗೇ ತಿಳಿಯಲಿಲ್ಲ.

ತೊಡಕು ಬಂದದ್ದು ಸೆಕೆಯಿಂದ. ಮೋಟಾರ್ ಸೈಕಲ್ಲಿನಲ್ಲಿ ಇಂಜಿನ್ನು ಬಯಲು ಗಾಳಿಗಿರುತ್ತದೆ. ವಿಮಾನದ ಮೂಗಿನೊಳಗೆ ಹುದುಗಿಸಿದ ಮೇಲೆ ಆರೇ ನಿಮಿಷಕ್ಕೆ ಕಾದು ಕೆಂಡವಾಗತೊಡಗಿತು. ಕಾದರೆ ಎಣ್ಣೆ ನೀರಾಗುತ್ತದೆ, ಪಿಸ್ಟನ್ನು ಉಬ್ಬಿ ಕಚ್ಚಿಕೊಳ್ಳುತ್ತದೆ, ಪಂಖ ನಿಲ್ಲುತ್ತದೆ. ನೆಲದ ಮೇಲೆ ನಿಂತರೆ ತಳ್ಳಿಕೊಂಡು ಮನೆಗೆ ಬರಬಹುದು, ಮೇಲೆ ನಿಂತರೆ? ಮಾಸ್ತರರು ಎರಡು ತಿಂಗಳು ತಲೆ ಕೆರೆದುಕೊಂಡು, ಇಂಜಿನ್ನಿಗೆ ತಗಡಿನ ಮುಸುಕು ಮಾಡಿಸಿ, ಮುಂದೆ ಎರಡು ಕಿಂಡಿ ಬಿಡಿಸಿದರು. ಹಿಂದೆ, ಕೆಳಬದಿಗೆ, ತಾವೇ ಕತ್ತರಿ ಹಿಡಿದು ಇನ್ನೂ ಅಗಲವಾದ ಒಂದು ಕಿಂಡಿ ಕೊರೆದರು. ಆಮೇಲೆ ಇಂಜಿನ್ನು ಇಪ್ಪತ್ತು ನಿಮಿಷ ಓಡಿದರೂ ಗೊಣಗಲಿಲ್ಲ. ಆ ಹೊತ್ತು ನೆಹೆಮಿಯಾ ವಿಮಾನದ ಬಾಲ ಹಿಡಿದು ಧೂಳು ನುಂಗುತ್ತಿದ್ದ. ಮುಂದಿನ ಕಿಂಡಿಗಳಿಂದಲೇ ಗುಣ ಬಂತೆಂದುಕೊಂಡ.

ಹಾರಾಟದ ಹಿಂದಿನ ಸಂಜೆ ಒಬ್ಬನೇ ವಿಮಾನ ಒರೆಸುತ್ತಿದ್ದಾಗ ಆ ಹಿಂದಿನ ಕಿಂಡಿ ಅವನ ಕಣ್ಣಿಗೆ ಬಿತ್ತು. ಸೊಟ್ಟ ಅಂಚು, ನಾಲ್ಕು ಬೆರಳು ಅಗಲದ ಬಾಯಿ. ಪಾಪ, ಮಾಸ್ತರರ ಕೈಗೆಲಸ, ತಗಡು ಕಡಿಮೆ ಬಿದ್ದಿರಬೇಕು ಎಂದು ನಕ್ಕ. ನಾಳೆ ನಾಲ್ಕು ಜನ ನೋಡುವ ವಿಮಾನಕ್ಕೆ ಇಂಥ ಹರಕು ಬಾಯಿಯೇ? ಹಗ್ಗ ತಂದ, ತುರುಕಿದ, ಮಣ್ಣು ಮೆತ್ತಿದ, ನುಣ್ಣಗೆ ಸವರಿದ. ಆ ರಾತ್ರಿ ಅವನಿಗೆ ಸುಖನಿದ್ರೆ.

ಬೆಳಿಗ್ಗೆ ಅಮರಗೋಳದ ಬಸಣ್ಣನ ಹೊಲಕ್ಕೆ ವಿಮಾನ ಬಂತು. ಜೋಳ ಕೊಯ್ದು ಹೊಲ ಖಾಲಿಯಾಗಿತ್ತು. ದತ್ತುವಿನ ತಾಯಿ ಗೋದಾಬಾಯಿ ವಿಮಾನದ ಮೂಗಿಗೆ ಕುಂಕುಮ ಹಚ್ಚಿ, ಆರತಿ ಬೆಳಗಿ, ಕಾಯಿ ಒಡೆಸಿದರು. ಹೊಲದ ಸುತ್ತ ಹತ್ತು ಸುತ್ತು ಹಾಕಿ ಇಳಿಯುವುದೆಂದು ಮಾತಾಗಿತ್ತು. ದತ್ತು ಕೂತ, ಪಂಖ ತಿರುಗಿತು, ವಿಮಾನ ಕುಂಟುತ್ತ ಓಡಿ ನೆಲ ಬಿಟ್ಟಿತು. ತನ್ನ ಕೈಯಿಂದ ಕಟ್ಟಿದ್ದು ಮೇಲೇರಿದ್ದನ್ನು ನೋಡಿ ನೆಹೆಮಿಯಾನ ಎದೆ ಉಬ್ಬಿತು.

ಬಸಣ್ಣ ಮೂಗಿನ ಮೇಲೆ ಬೆರಳಿಟ್ಟು ನಿಂತಿದ್ದ. "ಅಲ್ರಿ ಮಾಸ್ತರ, ಒಳಗ ಅಷ್ಟು ಬೆಂಕಿ ಉರೀತಿರತೈತಿ. ಸುಟ್ಟು ಹೋಗಂಗಿಲ್ಲೇನ್ರಿ?"

"ಅದಕ್ಕಂತನ ಹಿಂದ ಕಿಂಡಿ ಇಟ್ಟೇನಿ," ಎಂದರು ಮಾಸ್ತರರು, ಸಾಲೆಯ ದನಿಯಲ್ಲಿ. "ಗಾಳಿ ಮುಂದಿಂದ ಬರತದ, ಸೆಕಿ ಹೊತಗೊಂಡು ಹಿಂದಿಂದ ಹೋಗತದ. ಹಿಂದ ಹಾದಿ ಇಲ್ಲಂದ್ರ ಮುಂದ ಎಷ್ಟು ಬಾಯಿ ತಗದ್ರೂ ಗಾಳಿ ಒಳಗ ಬರೂದಿಲ್ಲ. ತುಂಬಿದ ಚೀಲಕ್ಕ ಮತ್ತ ಕಾಳು ಹಿಡಸ್ತದೇನು?"

ನೆಹೆಮಿಯಾನ ಎದೆ ಧಸಕ್ಕೆಂದಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮೇಲಿದ್ದವನು ದತ್ತು.

"ಮಾಸ್ತರ, ಆ ಕಿಂಡಿ ನಾ ಮುಚ್ಚೇನ್ರಿ."

"ಯಾವ ಕಿಂಡಿ?"

"ಹಿಂದಿಂದ್ರಿ. ನಿನ್ನಿ ಸಂಜಿಕ. ಹಗ್ಗ ತುರುಕಿ ಮಣ್ಣು ಮೆತ್ತೇನಿ."

ಮಾಸ್ತರರು ಆಕಾಶ ನೋಡಿದರು. ಆಚೆ ಆರತಿ ತಟ್ಟೆ ಹಿಡಿದು ಹಿಗ್ಗುತ್ತಿದ್ದ ತಾಯಿಯನ್ನು ನೋಡಿದರು. ಹೊಲದಲ್ಲೇ ಕುಸಿದು ಕೂತರು.

ನೆಹೆಮಿಯಾ ಕೂಡಲಿಲ್ಲ. ಬಸಣ್ಣನ ತಲೆಯ ಮೇಲಿನ ಕೆಂಪು ರುಮಾಲನ್ನು ಕಿತ್ತುಕೊಂಡು, ಹೊಲದ ನಟ್ಟನಡುವೆ ಓಡಿ, ತಲೆಯ ಮೇಲೆ ಬೀಸತೊಡಗಿದ. "ಇಳೀ! ದತ್ತೂ, ಇಳಿಯೋ!" ಕೆಂಪು ಕಂಡರೆ ನಿಲ್ಲಬೇಕೆಂಬುದು ರೈಲಿನವರ ಶಾಸ್ತ್ರ. ಮೇಲಿದ್ದವನು ಕಾಕಾನಿಗೆ ಹಿಗ್ಗು ಹೆಚ್ಚಾಯಿತೆಂದು ತಿಳಿದು ತಾನೂ ಕೈ ಬೀಸಿದ. ಎರಡನೇ ಸುತ್ತಿಗೂ ಬೀಸಿದ. ನೆಹೆಮಿಯಾ ರುಮಾಲು ಬೀಸುವುದನ್ನು ಬಿಡಲಿಲ್ಲ. "ಕರ್ತನೇ, ತಪ್ಪು ನಂದು. ನನ್ನ ಕೈ ಬೇಕಾದ್ರ ತಗೋ, ಹುಡುಗನ್ನ ಇಳಸು," ಎಂದು ಅಳುತ್ತ ಓಡಿದ.

ಮೂರನೇ ಸುತ್ತು ಪೂರ್ತಿಯಾಗಲಿಲ್ಲ. ಇಂಜಿನ್ನಿನ ಸದ್ದು ಇಳಿಯಿತು, ಕೆಮ್ಮಿತು. ವಿಮಾನ ಬೇವಿನಮರದ ತುದಿ ಸವರಿಕೊಂಡು ಬಂದು, ನೆಲಕ್ಕೆ ಬಡಿದು, ಒಮ್ಮೆ ಪುಟಿದು, ಜೋಳದ ಕೂಳೆಗಳ ಮೇಲೆ ಗಡಗಡ ಓಡಿ ನಿಂತಿತು. ದತ್ತು ಹೊರಗೆ ಜಿಗಿದು ಒಂಟಿಗಾಲಲ್ಲಿ ಕುಣಿಯತೊಡಗಿದ.

"ಅಯ್ಯಯ್ಯ, ಕಾಲು ಸುಟ್ಟುವೋ!"

ಅಂಗಾಲು ಕೆಂಪಗಾಗಿದ್ದವು. ಕಾಲಲ್ಲಿ ಬೂಟೇ ಇರಲಿಲ್ಲ.

"ಬೂಟು ಎಲ್ಲಿ ಅದಾವೋ?" ಎಂದರು ಮಾಸ್ತರರು.

"ಅವ್ವ ಕುಂಕುಮ ಹಚ್ಚಿ ಆರತಿ ಮಾಡಿದ್ಲಲ್ಲ. ಪೂಜಿ ಆದ ಮ್ಯಾಲೆ ಬೂಟು ಹಾಕ್ಕೊಂಡು ಹ್ಯಾಂಗ ಹತ್ತಲಿ? ಬಿಟ್ಟು ಹತ್ತಿದೆ. ಇಂಜಿನ್ನಿಗೆ ಹತ್ತಿದ, ಕಾಲಿನ ಕೆಳಗಿನ ತಗಡು ಕಾದ ಹಂಚಾತು, ಇಳದಬಿಟ್ಟೆ. ಬೂಟು ಇದ್ದಿದ್ರ ಗೊತ್ತ ಆಗತಿದ್ದಿಲ್ಲ, ಇನ್ನೂ ನಾಕು ಸುತ್ತು ಹೊಡೀತಿದ್ದೆ."

ಇಂಜಿನ್ನಿನಿಂದ ಸುಟ್ಟ ಎಣ್ಣೆಯ ಹೊಗೆ ಏಳುತ್ತಿತ್ತು. ಇನ್ನು ನಾಲ್ಕು ಸುತ್ತಲ್ಲ, ಒಂದನ್ನೂ ಅದು ತಾಳುತ್ತಿರಲಿಲ್ಲ. ನೆಹೆಮಿಯಾ ದತ್ತುವಿನ ತೋಳು ಮುಟ್ಟಿದ, ಬೆನ್ನು ಮುಟ್ಟಿದ, ಮತ್ತೆ ತೋಳು ಮುಟ್ಟಿದ.

ದತ್ತು ಬಗ್ಗಿ ಮೂಗಿನ ಕೆಳಗೆ ನೋಡಿದ. "ಇದನ್ನ ಯಾರು ಮುಚ್ಚಿದ್ರು?"

ನೆಹೆಮಿಯಾ ಬಾಯಿ ತೆರೆದ. ಮಾಸ್ತರರೇ ಮೊದಲಾದರು.

"ನಾವು ಮುಚ್ಚೇವಿ. ಕೈ ಅವರದು, ತಪ್ಪು ನಂದು. ಸಾಲ್ಯಾಗ ಹುಡುಗರಿಗೆ ಹೇಳೇನಿ, ಈಗ ಬಸಣ್ಣಗೂ ಹೇಳಿದೆ. ವರ್ಷದ ಮ್ಯಾಲ ಕೂಡಿ ಕೆಲಸ ಮಾಡಿದವರಿಗೆ ಆ ಕಿಂಡಿ ಯಾತಕ್ಕಂತ ಒಂದ ಮಾತು ಹೇಳಲಿಲ್ಲ."

ಆಗ ಮಾತ್ರ ನೆಹೆಮಿಯಾ ದನಿ ತೆಗೆದು ಅತ್ತ. ಬೈಗುಳಕ್ಕೆ ಅವನು ಸಿದ್ಧನಾಗಿದ್ದ, ಇದಕ್ಕಲ್ಲ. ಅಳುತ್ತಲೇ ಕೂತು, ಬಿಸಿಯನ್ನೂ ಲೆಕ್ಕಿಸದೆ, ತುರುಕಿದ ಹಗ್ಗವನ್ನೆಲ್ಲ ಎಳೆದು ತೆಗೆದ.

"ಇನ್ನ ಈ ಇಂಜಿನ್ ನಾ ಮುಟ್ಟಂಗಿಲ್ಲಪಾ ದತ್ತು. ಬ್ಯಾರೆ ಯಾರನ್ನರ ನೋಡ್ರಿ."

"ಹಂಗಂದ್ರ ನಾನೂ ಹತ್ತೂದಿಲ್ಲ," ಎಂದ ದತ್ತು, ಅಂಗಾಲು ಊದಿಕೊಳ್ಳುತ್ತ. "ಹುಬ್ಬಳ್ಳ್ಯಾಗ ಬ್ಯಾರೆ ಯಾವ ಫಿಟರ್ ಬಂದ್ರೂ ಒಂದಿಲ್ಲ ಒಂದಿನ ಈ ಕಿಂಡಿ ಮುಚ್ಚಬಹುದು ಕಾಕಾ. ನೀವು ಮಾತ್ರ ಸಾಯೂತನಕ ಮುಚ್ಚೂದಿಲ್ಲ."